ಗುಡಿ ಹಿಂದಿನ ಬೋರಿಂಗ

ಮೆಹರಾಜಬೇಗಂ ಆಳಂದದವಳು. ಗುಲಬರ್ಗಾದಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿ, ೧೯೯೪ರ ಮಳೆಗಾಲದಲ್ಲಿ ಜೇವರ್ಗಿಯ ಕೈಪಂಪು ದುರಸ್ತಿ ಸಂಘಕ್ಕೆ ಸೇರಿದಳು. ಉಳಿದುಕೊಳ್ಳಲು ಅದೇ ಊರಲ್ಲಿ ತಾಯಿಯ ತಂಗಿ, ಖಾಲಾ ಪೀರಬಿಯ ಮನೆಯಿತ್ತು. ಸಂಘವಿದ್ದದ್ದು ಶಹಾಪುರ ರಸ್ತೆಯ ಮೇಲಿನ ಎರಡು ಬಾಡಿಗೆ ಕೋಣೆಗಳಲ್ಲಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಹಳ್ಳಿಗಳಲ್ಲಿ ಕೆಟ್ಟು ನಿಂತ ಕೈಪಂಪುಗಳನ್ನು ರಿಪೇರಿ ಮಾಡುವುದು ಅದರ ಕೆಲಸ. ಹಳ್ಳಿಯವರು ಅವಕ್ಕೆ ಬೋರಿಂಗ ಎನ್ನುತ್ತಿದ್ದರು. ಸಂಘದಲ್ಲೂ ಕಾಗದದ ಮೇಲೆ ಮಾತ್ರ ಕೈಪಂಪು, ಬಾಯಲ್ಲಿ ಬೋರಿಂಗೇ.

ಸಂಘದ ಮುಖ್ಯಸ್ಥರು ದೌಲತರಾಯರು. ಓವರ್‌ಸಿಯರ್ ಆಗಿ ನಿವೃತ್ತರಾದವರು, ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಪರದೇಶದ ದಾನಿಗಳು ಕಳಿಸಿದ ಕಂಪ್ಯೂಟರಿನ ಮೇಲೆ ಅವರಿಗೆ ಬಹಳ ಗೌರವ. ಚಪ್ಪಲಿ ಬಿಟ್ಟೇ ಆ ಕೋಣೆಗೆ ಬರುತ್ತಿದ್ದರು. ಕಪ್ಪು ಪರದೆ, ಹಸಿರು ಅಕ್ಷರ. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಆಜ್ಞೆಗಳನ್ನು ಟೈಪು ಮಾಡಬೇಕು, ಅದು ಉತ್ತರ ಕೊಡಬೇಕು, ಅಷ್ಟೆ. ಯುನಿಕ್ಸ್ ಅನ್ನುವ ವ್ಯವಸ್ಥೆ ಅದು. ಊರಿನ ಹೆಸರು, ಜಾಗದ ಹೆಸರು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕಿತ್ತು.

ಮೊದಲ ಕೆಲವು ತಿಂಗಳು ಮೆಹರಾಜಳ ಕೆಲಸವೆಂದರೆ ಹಳ್ಳಿಗಳಿಂದ ಬಂದ ದೂರುಗಳನ್ನು ಡೇಟಾಬೇಸಿಗೆ ತುಂಬುವುದು, ಸೋಮವಾರ ಮೆಕ್ಯಾನಿಕ್ಕುಗಳಿಗೆ ಆ ವಾರದ ದೂರುಗಳನ್ನು ಮುದ್ರಿಸಿ ಕೊಡುವುದು. ತುಂಬುವುದು ಸುಲಭವಿತ್ತು. ತೆಗೆದುಕೊಡುವುದೇ ಕಷ್ಟ. ಡೇಟಾಬೇಸನ್ನು ಪ್ರಶ್ನೆ ಕೇಳಿದರೆ ಅದು ತನಗೆ ತೋಚಿದ ಹಾಗೆ ಉತ್ತರ ಕಕ್ಕುತ್ತಿತ್ತು. ಒಂದು ದೂರು ಮೂರು ಸಾಲಿಗೆ ಮುರಿದು ಬೀಳುತ್ತಿತ್ತು. ಹದಿನಾಲ್ಕು ಸಾಲಿಗೊಮ್ಮೆ ತಲೆಬರಹ ಮತ್ತೆ ಬರುತ್ತಿತ್ತು, ಅದರ ಕೆಳಗೆ ಉದ್ದಕ್ಕೂ ಗೀಟುಗಳು. ಒಂದೇ ಬೋರಿಂಗದ ಬಗ್ಗೆ ಮಾಸ್ತರರೂ ಪಂಚಾಯ್ತಿ ಮೆಂಬರರೂ ಬೇರೆ ಬೇರೆ ಕಾಗದ ಬರೆದಿದ್ದರೆ ಅದು ಎರಡು ಸಲ.

ಜೇವರ್ಗಿ ಕಡೆಯ ಮೆಕ್ಯಾನಿಕ್ ಅಮೋಘಸಿದ್ದ ಏಳನೆಯ ಇಯತ್ತೆ ಓದಿದವನು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಿದ್ದ. ಒಂದು ಸೋಮವಾರ ಆ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಇಟ್ಟ.

"ಬಾಯಾರ, ಇದನ್ನ ಓದೋದ್ರಾಗ ನಾ ಎರಡು ಬೋರಿಂಗ ಬಿಚ್ಚಿ ಕೂಡಿಸ್ತೇನ್ರಿ. ಊರು ಒಂದು, ಜಾಗಾ ಒಂದು. ಅಷ್ಟ ಹಾಕಿ ಕೊಡ್ರಿ. ಉಳಿದದ್ದು ನಂಗ ಬ್ಯಾಡ."

"ನಂಬರ್ ಬ್ಯಾಡೇನಣ್ಣ? ಪ್ರತಿ ಬೋರಿಂಗಕ್ಕೂ ನಂಬರ್ ಅದಲ್ಲ?"

"ಯಾವ ನಂಬರ್ರಿ! ಪೇಂಟ್ ಹೋಗಿ ಎಷ್ಟು ದಿನಾ ಆಯ್ತು. ಅದನ್ನ ನೋಡಾವ್ರು ಯಾರು?"

ಮೆಹರಾಜಳಿಗೆ ಅವನ ಮಾತು ಸರಿಯೆನಿಸಿತು. ಕಂಪ್ಯೂಟರಿನ ಜೊತೆ ಬಂದಿದ್ದ ದಪ್ಪ ಪುಸ್ತಕಗಳನ್ನು ತೆಗೆದಳು. ಅದರ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಮಾಡಿ ನೋಡಿದರೆ ತಿಳಿಯುತ್ತಿತ್ತು. ಯುನಿಕ್ಸಿನಲ್ಲಿ ಸಣ್ಣ ಸಣ್ಣ ಆಜ್ಞೆಗಳಿದ್ದವು, ಒಂದೊಂದಕ್ಕೆ ಒಂದೊಂದೇ ಕೆಲಸ ಗೊತ್ತು. ಸೆಡ್ ಎಂಬುದು ಬೇಡದ ಸಾಲುಗಳನ್ನು ತೆಗೆಯುತ್ತಿತ್ತು. ಆಕ್ ಎಂಬುದು ಮುರಿದ ಸಾಲುಗಳನ್ನು ಜೋಡಿಸುತ್ತಿತ್ತು. ಕಟ್ ಹೇಳಿದಷ್ಟು ಅಕ್ಷರ ಉಳಿಸಿಕೊಂಡು ಮುಂದಿನದನ್ನು ಕತ್ತರಿಸುತ್ತಿತ್ತು. ಸಾರ್ಟ್ ಎಂದರೆ ಅಕಾರಾದಿಯಲ್ಲಿ ಇಡುವುದು. ಯೂನಿಕ್ ಎಂದರೆ ಒಂದೇ ತರಹದ ಸಾಲುಗಳು ಒಟ್ಟಿಗೆ ಬಂದಲ್ಲಿ ಒಂದನ್ನು ಉಳಿಸಿ ಉಳಿದವನ್ನು ಬಿಡುವುದು. ಒಂದು ಆಜ್ಞೆ ಬರೆದು, ಪಕ್ಕಕ್ಕೆ ಒಂದು ನೆಟ್ಟಗಿನ ಗೀಟು ಹಾಕಿ ಮತ್ತೊಂದನ್ನು ಬರೆದರೆ, ಮೊದಲನೆಯದರ ಫಲ ಎರಡನೆಯದಕ್ಕೆ ಹರಿದು ಹೋಗುತ್ತಿತ್ತು. ಹೀಗೆ ಏಳು ಆಜ್ಞೆಗಳನ್ನು ಸಾಲಾಗಿ ಕಟ್ಟಿ, ಒಂದು ಕಡತದಲ್ಲಿ ಇಟ್ಟು, ಅದಕ್ಕೆ 'ಪಟ್ಟಿ' ಎಂದು ಹೆಸರಿಟ್ಟಳು. ಇನ್ನು ಆ ಹೆಸರು ಟೈಪು ಮಾಡಿದರೆ ಸಾಕು.

ಜನವರಿಯ ಎರಡನೆಯ ಸೋಮವಾರ ಪ್ರಿಂಟರಿನಿಂದ ಹೊರಬಂದ ಕಾಗದ ನೋಡಿ ಅಮೋಘಸಿದ್ದ ಜೋರಾಗಿ ನಕ್ಕ. ಒಂದು ಸಾಲಿಗೆ ಒಂದು ಬೋರಿಂಗ. ಎಡಕ್ಕೆ ಊರು, ಆಮೇಲೆ ಹದಿನೈದು ಅಕ್ಷರದಲ್ಲಿ ಜಾಗ, ಬಲಕ್ಕೆ ಏನು ಹಾಕಿದೆ, ಯಾವತ್ತು ಹಾಕಿದೆ ಎಂದು ಬರೆಯಲು ಖಾಲಿ ಚೌಕ, ಊರವರೊಬ್ಬರ ಸಹಿಗೆ ಮತ್ತೊಂದು. ಅಫಜಲಪುರ ಕಡೆಯ ಮೆಕ್ಯಾನಿಕ್ ಖಂಡಪ್ಪ ತನ್ನ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಇಟ್ಟುಕೊಂಡ. ಮೆಹರಾಜ ಇನ್ನೊಂದು ಕಡತವನ್ನೂ ಬರೆದಳು. ಶನಿವಾರ ಸಹಿಯಾಗಿ ಬಂದ ಸಾಲುಗಳನ್ನು ಪಟ್ಟಿಯಲ್ಲಿದ್ದ ಹಾಗೆಯೇ ಹೊಡೆದರೆ, ಡೇಟಾಬೇಸಿನಲ್ಲಿ ಆ ಊರಿನ, ಆ ಅಕ್ಷರಗಳಿಂದ ಶುರುವಾಗುವ ಜಾಗದ ದೂರುಗಳೆಲ್ಲ 'ರಿಪೇರಿ ಆಗಿದೆ' ಎಂದು ಮುಗಿಯುತ್ತಿದ್ದವು. ಮೊದಲು ಎರಡು ದಿನ ಹಿಡಿಯುತ್ತಿದ್ದ ಕೆಲಸ ಈಗ ಚಹಾ ಕುಡಿಯುವುದರೊಳಗೆ ಮುಗಿಯುತ್ತಿತ್ತು.

ಫೆಬ್ರವರಿಯಲ್ಲಿ ದಾನಿಗಳ ಕಡೆಯವರು ಬಂದಾಗ ದೌಲತರಾಯರು ಅವರ ಮುಂದೆ ಆ ಪಟ್ಟಿಯನ್ನು ಹರಡಿದರು. "ನಮ್ಮ ಹುಡುಗಿ ಮಾಡ್ಯಾಳ. ಆಳಂದದಾಕಿ," ಎಂದರು. ಮೆಹರಾಜ ದುಪಟ್ಟಾ ಸರಿಮಾಡಿಕೊಂಡು ತಲೆ ತಗ್ಗಿಸಿದಳು. ಮನೆಗೆ ಹೋಗಿ ಖಾಲಾನ ಮುಂದೆ ಅದನ್ನು ಎರಡು ಸಲ ಹೇಳಿದಳು.

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಒಬ್ಬ ಹೆಂಗಸು ಸಂಘದ ಬಾಗಿಲಿಗೆ ಬಂದಳು. ಐವತ್ತರ ಆಸುಪಾಸು, ಬರಿಗಾಲು, ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ಹೆಸರು ಸಾಬಮ್ಮ. ಯಡ್ರಾಮಿಯಿಂದ ಆಚೆ ಮುತ್ತಗಿಹಾಳ ಎಂಬ ಊರು. ದೌಲತರಾಯರಿಗೆ ಅವಳ ಗುರುತಿತ್ತು. ಏಪ್ರಿಲಿನಲ್ಲಿ ಒಮ್ಮೆ ಬಂದಿದ್ದಳು. ಆಗ ಅವರು ಮೆಹರಾಜಳಿಗೆ ಪರದೆಯಲ್ಲಿ ನೋಡಲು ಹೇಳಿ, 'ಮಾರ್ಚ್ ಇಪ್ಪತ್ತೆರಡಕ್ಕೆ ರಿಪೇರಿ ಆಗಿದೆ' ಎಂದು ಬಂದದ್ದನ್ನು ಓದಿ, ಹೊಸ ದೂರು ಬರೆಸಿಕೊಳ್ಳದೆಯೇ ಕಳಿಸಿದ್ದರು.

"ಮತ್ತ್ಯಾಕ ಬಂದಿ ಬೇ? ಆಗ್ಯಾದ ಅಂತ ಹೇಳಿದ್ದೆ ಅಲ್ಲ?"

ಸಾಬಮ್ಮ ಸೆರಗು ಬಿಚ್ಚಿ ಒಳಗಿದ್ದುದನ್ನು ಮೇಜಿನ ಮೇಲೆ ಇಟ್ಟಳು. ಬೋರಿಂಗದ ಹ್ಯಾಂಡಲ್ಲಿಗೆ ಜೋಡಿಸುವ ಚೈನು. ತುಕ್ಕು ಹಿಡಿದು ಎರಡು ತುಂಡಾಗಿತ್ತು.

"ಆಗಿದ್ರ ಇದು ನನ್ನ ಕೈಯಾಗ ಹ್ಯಾಂಗ ಬಂತ್ರಿ ಸಾಹೇಬ್ರ? ಮ್ಯಾಲಿನ ಡಬ್ಬಿ ಬಿಚ್ಚಿಸಿ ತಂದೇನಿ. ಶಿವರಾತ್ರಿ ಮುಂದ ಕಡದದ. ಒಂದು ಕಾಗದ ಬರಸಿ ಕಳಿಸಿದೆ, ಒಂದು ಸಲ ನಾನೇ ಬಂದೆ, ಇದು ಮತ್ತೊಂದು."

ದೌಲತರಾಯರು ಚೈನನ್ನು ಎತ್ತಿ ತಿರುಗಿಸಿ ನೋಡಿದರು. ಅಮೋಘಸಿದ್ದ ಹೊರಗೆ ಜೀಪಿಗೆ ರಾಡುಗಳನ್ನು ಏರಿಸುತ್ತಿದ್ದ. ಅವನನ್ನು ಕರೆಸಿದರು. ಮಾರ್ಚಿನ ಪಟ್ಟಿಗಳ ಕಟ್ಟು ಬಿಚ್ಚಿ ಆ ಸಾಲು ತೆಗೆದರು. ಮುತ್ತಗಿಹಾಳ, ಹಣಮಂತ ಗುಡಿ. ವಾಷರ್. ಇಪ್ಪತ್ತೆರಡನೆಯ ತಾರೀಖು. ಪಕ್ಕದಲ್ಲಿ ಪೂಜಾರಿಯ ಸಹಿ.

"ಇದು ನಿನ್ನ ಬರಹ ಹೌದಲ್ಲೋ?"

"ಹೌದ್ರಿ. ಗುಡಿ ಮುಂದಿನ ಬೋರಿಂಗ ಮಾಡೇನ್ರಿ. ವಾಷರ್ ಹಾಕೇನಿ, ನೀರು ಬಂದಾವ, ಪೂಜಾರಿ ಸಹಿ ಮಾಡ್ಯಾನ."

"ನಮ್ಮದು ಗುಡಿ ಹಿಂದಿಂದು," ಎಂದಳು ಸಾಬಮ್ಮ. "ಅವತ್ತ ನಾ ಇವರಿಗೆ ಕರದಿದ್ದೆ. ಅಣ್ಣಾ, ಜರಾ ಇತ್ತಾಗ ಬಂದು ನೋಡು ಅಂದೆ. ಪಟ್ಯಾಗ ಇಲ್ಲವ್ವಾ, ಪಟ್ಯಾಗ ಬಂದ್ರ ಬರ್ತೇನಿ ಅಂದು ಹೋದ್ರು."

ಅಮೋಘಸಿದ್ದ ಹೌದೆಂದು ತಲೆಯಾಡಿಸಿದ. ಅದು ನಿಜವಿತ್ತು.

"ಏಪ್ರಿಲ್‌ದಾಗ ನೋಡಿಸೀನಿ, ಕಂಪ್ಯೂಟರ್‌ನ್ಯಾಗ ಆ ಊರಿನವು ಎರಡು ದೂರು ಅವ, ಎರಡೂ ಆಗ್ಯಾವ ಅಂತ ಅದ," ಎಂದರು ದೌಲತರಾಯರು. "ಅಂದ್ರ ನೀನು ಒಂದು ಮಾಡಿ ಎರಡು ಮಾಡೀನಿ ಅಂದಿ. ಎಷ್ಟು ಊರಾಗ ಹಿಂಗ ಮಾಡಿ? ಈ ಹೆಣ್ಣಮಗಳು ಮೂರು ತಿಂಗಳಿಂದ ನೀರಿಲ್ಲದೆ ಅಡ್ಡಾಡಾಕತ್ತಾಳ."

"ನಾ ಸುಳ್ಳ ಬರದಿಲ್ರಿ ಸಾಹೇಬ್ರ. ನನ್ನ ಪಟ್ಯಾಗ ಒಂದೇ ಇತ್ತು."

"ಮಷೀನ್ ಸುಳ್ಳ ಹೇಳ್ತದೇನು? ಪಾನಾ ಡಬ್ಬಿ ಕೆಳಗಿಡು. ತಪಾಸ ಆಗೋತನಕ ಕೆಲಸಕ್ಕ ಬರಬ್ಯಾಡ."

ಅಮೋಘಸಿದ್ದ ಹೊರಗೆ ಹೋಗಿ, ಜೀಪಿನಿಂದ ಬೋಲ್ಟು ಬಿಚ್ಚುವ ತನ್ನ ಪಾನಾಗಳ ಡಬ್ಬಿಯನ್ನು ಇಳಿಸಿ ತಂದು ಗೋಡೆಯ ಪಕ್ಕ ಇಟ್ಟ. ಹನ್ನೊಂದು ವರ್ಷದಿಂದ ಅವನು ಇದೇ ಕೆಲಸ ಮಾಡಿದ್ದ. ಇಟ್ಟವನು ಮನೆಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕುಳಿತ.

ಒಳಕೋಣೆಯಲ್ಲಿ ಮೆಹರಾಜ ಇದನ್ನೆಲ್ಲ ಕೇಳುತ್ತಿದ್ದಳು. 'ಹಿಂದಿಂದು' ಎಂಬ ಮಾತು ಕಿವಿಗೆ ಬಿದ್ದಾಗಲೇ ಅವಳು ಕುರ್ಚಿಯನ್ನು ಕಂಪ್ಯೂಟರಿನ ಕಡೆ ಎಳೆದುಕೊಂಡಿದ್ದಳು. ಕೈ ತಾನಾಗಿಯೇ ಕೀಲಿಮಣೆಯ ಮೇಲೆ ಹೋಯಿತು. 'ಪಟ್ಟಿ'ಯನ್ನು ಬಿಟ್ಟು, ಡೇಟಾಬೇಸನ್ನೇ ನೇರವಾಗಿ ಕೇಳಿದಳು. ಮುತ್ತಗಿಹಾಳ. ಮುರಿದ ಸಾಲು, ಗೀಟು, ತಲೆಬರಹಗಳ ನಡುವೆ ಎರಡು ಹೆಸರು ಬಂದವು. ಬೋರಿಂಗ ನಂಬರ್ ನಾನೂರ ಹದಿನೇಳು, ಹಣಮಂತ ಗುಡಿ ಮುಂದೆ. ನಾನೂರ ಹದಿನೆಂಟು, ಹಣಮಂತ ಗುಡಿ ಹಿಂದೆ.

ಹದಿನೈದು ಅಕ್ಷರ. ಅವಳು ಬೆರಳಿನಿಂದ ಪರದೆಯ ಮೇಲೆ ಎಣಿಸಿದಳು. ಇಂಗ್ಲಿಷಿನಲ್ಲಿ 'ಹಣಮಂತ ಗುಡಿ' ಎಂಬುದಕ್ಕೆ, ನಡುವಿನ ಮತ್ತು ಕೊನೆಯ ಖಾಲಿ ಜಾಗ ಸೇರಿ, ಸರಿಯಾಗಿ ಹದಿನೈದು. ಮುಂದೆ, ಹಿಂದೆ ಎರಡನ್ನೂ ಅವಳ ಕಟ್ ಕತ್ತರಿಸಿ ಹಾಕಿತ್ತು. ಉಳಿದ ಎರಡು ಸಾಲು ಒಂದೇ ತರಹ ಕಂಡಿದ್ದವು. ಯೂನಿಕ್ ತನಗೆ ಹೇಳಿದ ಕೆಲಸ ಮಾಡಿತ್ತು, ಒಂದನ್ನು ಉಳಿಸಿ ಇನ್ನೊಂದನ್ನು ಬಿಟ್ಟಿತ್ತು. ಶನಿವಾರ ಅವಳೇ 'ಹಣಮಂತ ಗುಡಿ' ಎಂದು ಹೊಡೆದಾಗ ಎರಡೂ ದೂರು ಮುಗಿದಿದ್ದವು. ಏಪ್ರಿಲಿನಲ್ಲಿ ಸಾಬಮ್ಮನಿಗೆ ಓದಿ ಹೇಳಿದ್ದು ಆ ಶನಿವಾರ ಅವಳ ಕೈಯೇ ಬರೆದದ್ದನ್ನು.

ಜನವರಿಯಿಂದ ಬಂದ ದೂರುಗಳನ್ನೆಲ್ಲ ತೆಗೆದಳು. ನಂಬರಿನ ಲೆಕ್ಕದಲ್ಲಿ ಇನ್ನೂರ ಹನ್ನೆರಡು ಬೋರಿಂಗ. ಅದನ್ನೇ ತನ್ನ ಪಟ್ಟಿಯ ಆಜ್ಞೆಗಳೊಳಗೆ ಹಾಯಿಸಿ ಸಾಲು ಎಣಿಸಿದಳು. ಇನ್ನೂರ ಒಂದು.

ಹನ್ನೊಂದು ಬೋರಿಂಗಗಳು ಇರಲಿಲ್ಲ.

ಫ್ಯಾನು ತಿರುಗುತ್ತಿತ್ತು. ಅವಳಿಗೆ ಒಂದು ಯೋಚನೆ ಬಂದದ್ದು ನಿಜ. ಆಮೇಲೆ ತಾನೇ ಅದನ್ನು ಖಾಲಾನ ಮುಂದೆ ಒಪ್ಪಿಕೊಂಡಳು. ಕಡತವನ್ನು ತೆರೆದು ಹದಿನೈದನ್ನು ಮೂವತ್ತು ಮಾಡಿದರೆ ಮುಗಿಯಿತು. ಬರುವ ಸೋಮವಾರದಿಂದ ಎಲ್ಲ ಸರಿ. ಈ ಕೋಣೆಯಲ್ಲಿ ಆ ಕಡತವನ್ನು ಓದಬಲ್ಲವರು ಇನ್ನೊಬ್ಬರಿರಲಿಲ್ಲ. ದೌಲತರಾಯರು ಮಷೀನನ್ನು ನಂಬಿದ್ದರು. ಮಷೀನು ಎಂದರೆ ಇಲ್ಲಿ ತಾನೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಿಟಕಿಯಿಂದ ಮೆಟ್ಟಿಲ ಮೇಲೆ ಕುಳಿತ ಅಮೋಘಸಿದ್ದನ ಬೆನ್ನು ಕಾಣುತ್ತಿತ್ತು. ಬೆನ್ನಿನಲ್ಲಿ ಬೆವರಿಗೆ ಅಂಗಿ ಅಂಟಿತ್ತು.

ಅವಳು ಎದ್ದು, ಒಂದು ಬಿಳಿ ಹಾಳೆ, ಪೆನ್ಸಿಲ್, ಸ್ಕೇಲು ತೆಗೆದುಕೊಂಡು ಹೊರಕೋಣೆಗೆ ಬಂದಳು.

"ಸರ್, ಅಮೋಘಸಿದ್ದಣ್ಣಂದು ತಪ್ಪಿಲ್ರಿ. ಗಲತಿ ನಂದದ."

"ನಿಂದೇನು?"

ಅವಳು ಹಾಳೆಯ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದಳು. ಹಣಮಂತ ಗುಡಿ ಮುಂದೆ. ಕೆಳಗೆ, ಹಣಮಂತ ಗುಡಿ ಹಿಂದೆ. ಆಮೇಲೆ ಸ್ಕೇಲನ್ನು ನೆಟ್ಟಗೆ ಇಟ್ಟು ಕೊನೆಯ ಪದಗಳನ್ನು ಮುಚ್ಚಿದಳು.

"ಈಗ ಓದ್ರಿ ಸರ್."

ದೌಲತರಾಯರು ಕನ್ನಡಕ ಏರಿಸಿ ಓದಿದರು. "ಎರಡೂ ಒಂದೇ."

"ಹಿಂಗೇ ಆಗ್ಯಾದ್ರಿ. ಚೌಕಕ್ಕ ಜಾಗಾ ಸಾಲಲ್ದಕ ನಾನೇ ಹೆಸರು ಕಡದೇನಿ. ಎರಡೂ ಒಂದೇ ಅಂತ ಒಂದು ಸಾಲು ತೆಗಿ ಅಂತ ಮಷೀನಿಗೆ ಹೇಳಿದಾಕಿನೂ ನಾನೇ. ಪಟ್ಯಾಗ ಒಂದೇ ಬಂದದ. ಅಣ್ಣ ಒಂದೇ ಮಾಡ್ಯಾನ. ಎರಡೂ ಆಗ್ಯಾವ ಅಂತ ಬರದಾಕಿ ನಾನು. ಇದೊಂದೇ ಅಲ್ರಿ. ಮೂರು ತಾಲೂಕಾ ಹಿಡದು ಹನ್ನೊಂದು ಹೋಗ್ಯಾವ."

ಬಹಳ ಹೊತ್ತು ಅವರು ಸ್ಕೇಲನ್ನು ಸರಿಸಿ ನೋಡಿದರು, ಮತ್ತೆ ಮುಚ್ಚಿದರು. "ಇದನ್ನ ನಾ ಫಾರಿನ್‌ದವರಿಗೆ ತೋರಿಸೀನಿ," ಎಂದರು ಕೊನೆಗೆ, ಅವಳಿಗೋ ತಮಗೋ ಎಂಬಂತೆ. ಆಮೇಲೆ ಎದ್ದು ಮೆಟ್ಟಿಲಿಗೆ ಹೋದರು. "ಡಬ್ಬಿ ತಗೊಳ್ಳೋ. ನಾ ಅಂದದ್ದು ತಪ್ಪು." ಅಷ್ಟೇ ಹೇಳಿದರು. ಅಮೋಘಸಿದ್ದ ಅವರನ್ನು ನೋಡಿದ, ಅವರ ಹಿಂದೆ ನಿಂತ ಮೆಹರಾಜಳನ್ನು ನೋಡಿದ. ಡಬ್ಬಿಯನ್ನು ಎತ್ತಿಕೊಂಡ. ಜೀಪಿನ ಕಡೆ ನಡೆದ.

ಸಾಬಮ್ಮನಿಗೆ ನಡೆದದ್ದು ಪೂರಾ ತಿಳಿದಿರಲಿಲ್ಲ. ಮೆಹರಾಜ ಅವಳ ಎದುರು ಕುಳಿತು ಹೇಳಿದಳು.

"ನಿಮ್ಮ ಬೋರಿಂಗದ ಹೆಸರು ನನ್ನ ಕೈಯಿಂದ ಹೋಗ್ಯಾದವ್ವಾ. ಕಾಗದದಾಗ ಜಾಗಾ ಇರಲಿಲ್ಲ."

ಸಾಬಮ್ಮ ಅವಳನ್ನೇ ನೋಡಿದಳು. "ಕಾಗದದಾಗೂ ಇಲ್ಲೇನು?" ಎಂದಳು.

ಅದರಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ಕೇಳಿದ ಹಾಗೆ ಕೇಳಿದ್ದಳು.

ಹನ್ನೆರಡಕ್ಕೆ ಜೀಪು ಹೊರಟಿತು. ಮುಂದೆ ದೌಲತರಾಯರು, ಹಿಂದೆ ರಾಡು, ಚೈನು, ಗ್ರೀಸಿನ ಡಬ್ಬಗಳ ನಡುವೆ ಅಮೋಘಸಿದ್ದ, ಸಾಬಮ್ಮ. ಮೆಹರಾಜ ಕೇಳದೆಯೇ ಹತ್ತಿ ಕುಳಿತಿದ್ದಳು. ಸಂಘಕ್ಕೆ ಸೇರಿ ವರ್ಷವಾಗುತ್ತ ಬಂದರೂ ಅವಳು ಒಂದು ಬೋರಿಂಗ ಬಿಚ್ಚಿದ್ದನ್ನು ನೋಡಿರಲಿಲ್ಲ. ಯಡ್ರಾಮಿ ದಾಟಿ ಕರಿ ಮಣ್ಣಿನ ದಾರಿಗೆ ಇಳಿದಾಗ ಧೂಳು ಒಳಗೆಲ್ಲ ತುಂಬಿತು.

ಮುತ್ತಗಿಹಾಳದ ಹಣಮಂತನ ಗುಡಿ ಊರ ನಡುವೆ ಇತ್ತು. ಮುಂದಿನ ಬೋರಿಂಗದ ಸುತ್ತ ಬಂಡೆ ಹಾಸಿತ್ತು, ನೀರು ಹರಿಯುತ್ತಿತ್ತು. ಗುಡಿಯನ್ನು ಬಳಸಿ, ಒಂದು ಬೇವಿನ ಮರ ದಾಟಿ, ತಗ್ಗಿಗೆ ಇಳಿದರೆ ಮೂವತ್ತು ಮನೆಗಳ ಓಣಿ. ಅದರ ಬಾಯಿಗೆ ಇನ್ನೊಂದು ಬೋರಿಂಗ, ತಲೆ ಬಿಚ್ಚಿಕೊಂಡು ನಿಂತಿತ್ತು. ಎರಡರ ನಡುವೆ ಇನ್ನೂರು ಹೆಜ್ಜೆಯೂ ಇರಲಿಲ್ಲ.

"ಇಷ್ಟೇ ದೂರ ಅದಲ್ಲ. ಮುಂದಿನ ಬೋರಿಂಗಕ್ಕ ಹೋಗತಿದ್ದಿಲ್ಲೇನವ್ವಾ?" ಎಂದು ಮೆಹರಾಜ ಕೇಳಿದಳು.

"ಹೋಗತಿದ್ವಿ. ಊರಾನ ಮಂದಿದೆಲ್ಲ ತುಂಬೋತನಕ ದೂರ ನಿಂದರಬೇಕು. ಬಿಸಲ ಏರತದ, ಕೂಲಿ ತಪ್ಪತದ. ಅದಕ್ಕ ಹಳ್ಳಕ್ಕೇ ಹೋದ್ವಿ. ಉಸುಕಿನ್ಯಾಗ ವರತಿ ತೋಡಿ ನೀರು ತಂದ್ವಿ. ನನ್ನ ಸೊಸಿ ಬಸರಿ, ಅಕೀನೂ ಹೊತ್ತಾಳ."

ಅಮೋಘಸಿದ್ದ ಕೆಲಸಕ್ಕೆ ಇಳಿದಿದ್ದ. ಹೊಸ ಚೈನು ಜೋಡಿಸಿ, ಗ್ರೀಸು ಸವರಿ, ಅನುಮಾನ ಬಂದು ರಾಡುಗಳನ್ನೂ ಮೇಲೆಳೆದು ಒಣಗಿ ಸೀಳಿದ್ದ ವಾಷರುಗಳನ್ನು ಬದಲಿಸಿದ. ಒಂದೂವರೆ ತಾಸು ಹಿಡಿಯಿತು. ಓಣಿಯ ಹೆಂಗಸರು ಕೊಡಗಳನ್ನು ತಂದು ಸಾಲಾಗಿ ಇಟ್ಟು ನೆರಳಿಗೆ ನಿಂತಿದ್ದರು. ಯಾರೂ ಬೈಯಲಿಲ್ಲ, ಅದು ಮೆಹರಾಜಳಿಗೆ ಇನ್ನೂ ಕಷ್ಟವಾಯಿತು. ಕೊನೆಯ ಬೋಲ್ಟು ಬಿಗಿದಾದ ಮೇಲೆ ಅಮೋಘಸಿದ್ದ ಬೆಳಗಿನಿಂದ ಮೊದಲ ಸಲ ಅವಳನ್ನು ಮಾತಾಡಿಸಿದ.

"ಬರ್ರಿ ಬಾಯಾರ. ಹೊಡೀರಿ."

ಅವಳು ದುಪಟ್ಟಾ ಸೊಂಟಕ್ಕೆ ಸುತ್ತಿ ಹ್ಯಾಂಡಲ್ ಹಿಡಿದಳು. ಹಗುರವೆಂದುಕೊಂಡದ್ದು ಹಗುರವಿರಲಿಲ್ಲ. ನಲವತ್ತು ಸಲ ಹೊಡೆದರೂ ಕೊಳವೆಯಿಂದ ಬರೀ ಗಾಳಿ ಬಂತು. ಐವತ್ತಾಯಿತು. ಅಂಗೈ ಉರಿಯಿತು. ಆಮೇಲೆ ಒಳಗೆಲ್ಲೋ ಗೊರಗೊರ ಸದ್ದಾಗಿ ಕೆಂಪು ನೀರು ಉಗುಳಿತು, ನಿಂತಿತು, ಮತ್ತೆ ಉಗುಳಿತು. ಸಾಬಮ್ಮ ಬಂದು ಅವಳ ಕೈಯಿಂದ ಹ್ಯಾಂಡಲ್ ತೆಗೆದುಕೊಂಡಳು. "ಸಾಕು ಬಿಡವ್ವಾ, ನಿನಗ ರೂಢಿ ಇಲ್ಲ," ಎಂದು ತಾನೇ ಹೊಡೆಯತೊಡಗಿದಳು. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಯಿತು.

ಹಿಂದಿರುಗುವಾಗ ದೌಲತರಾಯರು ಪೇಂಟಿನ ಡಬ್ಬಿ ತರಿಸಿಕೊಳ್ಳಬೇಕು, ಮೂರು ತಾಲೂಕಿನ ಎಲ್ಲ ಬೋರಿಂಗಗಳ ಮೇಲೂ ನಂಬರು ಹೊಸದಾಗಿ ಬರೆಸಬೇಕು ಎಂದರು. ಆಮೇಲೆ ತಿರುಗಿ ನೋಡದೆಯೇ, "ನಿನಗ ಒಂದು ಮೆಮೊ ಕೊಡಬೇಕಾಗ್ತದ ಮೆಹರಾಜ. ಬರವಣಿಗ್ಯಾಗ," ಎಂದರು.

"ಕೊಡ್ರಿ ಸರ್."

"ನಾನೂ ಏಪ್ರಿಲ್‌ದಾಗ ಆಕಿ ದೂರು ಬರಕೊಂಡಿಲ್ಲ. ಅದನ್ನೂ ಅದರಾಗ ಬರೀತೇನಿ."

ಮಾರನೆಯ ದಿನ ಮೆಹರಾಜ 'ಪಟ್ಟಿ'ಯನ್ನು ಬಿಚ್ಚಿ ಮೊದಲಿನಿಂದ ಕಟ್ಟಿದಳು. ನಂಬರು ಮೊದಲು. ಕಟ್ ತೆಗೆದು ಹಾಕಿದಳು. ಜಾಗದ ಹೆಸರು ಎಷ್ಟು ಉದ್ದವಿದ್ದರೂ ಪೂರಾ, ಸಾಲದಿದ್ದರೆ ಎರಡನೆಯ ಸಾಲಿಗೆ. ಎರಡು ದೂರು ಒಂದೇ ಬೋರಿಂಗದವು ಎಂದು ನಂಬರು ನೋಡಿ ಮಾತ್ರ ತೀರ್ಮಾನಿಸಬೇಕು, ದೂರು ಮುಗಿಸುವುದೂ ನಂಬರಿನಿಂದಲೇ. ಪಟ್ಟಿಯ ಕೊನೆಗೆ ಒಂದು ಸಾಲು ಹೆಚ್ಚಿಗೆ ಬರುವಂತೆ ಮಾಡಿದಳು: ಡೇಟಾಬೇಸಿನಲ್ಲಿ ಇಷ್ಟು, ಈ ಕಾಗದದಲ್ಲಿ ಇಷ್ಟು. ಆರು ಹಾಳೆಯಲ್ಲಿ ಮುಗಿಯುತ್ತಿದ್ದುದು ಒಂಬತ್ತು ಹಾಳೆಯಾಯಿತು. ನೋಡಲು ಮೊದಲಿನಷ್ಟು ಚೆಂದವಿರಲಿಲ್ಲ.

ಉಳಿದ ಹತ್ತು ಬೋರಿಂಗಗಳಲ್ಲಿ ಎಂಟು ಎರಡು ವಾರದಲ್ಲಿ ರಿಪೇರಿಯಾದವು. ಆಳಂದದ ಕಡೆ, ಹಿರೋಳ್ಳಿಯ ಹತ್ತಿರದ ಒಂದು ಓಣಿಯಲ್ಲಿ ಜನ ಕಾದು ಬೇಸತ್ತು ಬೇರೆ ಕೊಳವೆ ಬಾವಿ ತೋಡಿಸಿಕೊಂಡಿದ್ದರು. ಅಫಜಲಪುರದ ಒಂದು ವಸ್ತಿಯಲ್ಲಿ ಕೆಟ್ಟ ಬೋರಿಂಗದೊಳಗೆ ಮಕ್ಕಳು ಕಲ್ಲು ತುಂಬಿಬಿಟ್ಟಿದ್ದರು. ಖಂಡಪ್ಪ ಎರಡು ದಿನ ಒದ್ದಾಡಿ ಕೈಬಿಟ್ಟ. ಅದು ಮತ್ತೆ ಎಂದೂ ನೀರು ಕೊಡಲಿಲ್ಲ. ಮೆಹರಾಜ ಖಂಡಪ್ಪನ ಜೊತೆ ಅಲ್ಲಿಗೂ ಹೋಗಿ ಬಂದಳು. ಅಲ್ಲಿ ಒಬ್ಬ ಮುದುಕಿ ಅವಳನ್ನು ಮನಸಾರೆ ಬೈದಳು. ಅವಳು ನಿಂತು ಕೇಳಿಸಿಕೊಂಡಳು.

ಅಮೋಘಸಿದ್ದ ಮುಂದೆಯೂ ಅವಳ ಜೊತೆ ಹೆಚ್ಚು ಮಾತಾಡಲಿಲ್ಲ. ಆದರೆ ಸೋಮವಾರ ಪಟ್ಟಿ ತೆಗೆದುಕೊಂಡ ಕೂಡಲೆ ಕಿಸೆಗೆ ಇಡುವುದನ್ನು ಬಿಟ್ಟ. ಬಾಗಿಲಲ್ಲಿ ನಿಂತು ಬೆರಳಿಟ್ಟು ಒಂದೊಂದೇ ಸಾಲು ಎಣಿಸುತ್ತಿದ್ದ.

"ಮಷೀನ್‌ದಾಗ ಎಷ್ಟ ಅವ್ರಿ ಬಾಯಾರ?"

"ಮೂವತ್ತೆಂಟಣ್ಣ."

"ಇಲ್ಲೂ ಮೂವತ್ತೆಂಟ ಅವ," ಎಂದು ಆಮೇಲೆ ಜೀಪು ಹತ್ತುತ್ತಿದ್ದ.